ಗೇಟು ಮುಚ್ಚಿದ ಮೇಲಿನ ಮೃಗಾಲಯ



ಮೃಗಾಲಯಗಳು ಇರಬೇಕೆ, ಮುಚ್ಚಬೇಕೆ ಎಂಬ ವಾದಕ್ಕೆ ಇವತ್ತು ನಾನು ಕೈಹಾಕುವುದಿಲ್ಲ. ಆ ವಾದದ ಎರಡೂ ಪಕ್ಷಗಳಲ್ಲಿ ನಾನು ಗೌರವಿಸುವ ಜನರಿದ್ದಾರೆ. ವಾದ ಯಾವ ಕಡೆ ವಾಲಿದರೂ ಈ ಸಂಜೆ ಮೈಸೂರಿನಲ್ಲಿ, ಬನ್ನೇರುಘಟ್ಟದಲ್ಲಿ, ಶಿವಮೊಗ್ಗದ ತ್ಯಾವರೆಕೊಪ್ಪದಲ್ಲಿ, ಮಂಗಳೂರಿನ ಪಿಲಿಕುಳದಲ್ಲಿ, ಹಂಪಿ ಪಕ್ಕದ ಕಮಲಾಪುರದಲ್ಲಿ, ಗದಗಿನಲ್ಲಿ, ಬೆಳಗಾವಿಯ ಭೂತರಾಮನಹಟ್ಟಿಯಲ್ಲಿ ಸಾವಿರಾರು ಜೀವಗಳು ನಮ್ಮ ಸುಪರ್ದಿನಲ್ಲಿವೆ. ಅವುಗಳಲ್ಲಿ ಎಷ್ಟೋ ಅಲ್ಲೇ ಹುಟ್ಟಿದವು. ಇನ್ನೆಷ್ಟೋ ತಾಯಿಯನ್ನು ಕಳೆದುಕೊಂಡು, ಉರುಳಿಗೆ ಸಿಕ್ಕಿ, ಸರ್ಕಸ್ಸಿನಿಂದ ಬಿಡುಗಡೆಯಾಗಿ ಬಂದವು. ನಾಳೆ ಬೀಗ ತೆಗೆದರೂ ಹೋಗಲು ಅವಕ್ಕೆ ಜಾಗವಿಲ್ಲ. ಅವುಗಳ ಇವತ್ತಿನ ರಾತ್ರಿ ಹೇಗೆ ಕಳೆಯುತ್ತದೆ ಎಂಬುದೇ ನನ್ನ ವಿಷಯ.

ರಾತ್ರಿ ಎಂಬ ಮಾತನ್ನು ಬೇಕೆಂದೇ ಬಳಸುತ್ತಿದ್ದೇನೆ. ಮೈಸೂರಿನ ಶ್ರೀ ಚಾಮರಾಜೇಂದ್ರ ಮೃಗಾಲಯ ಬೆಳಿಗ್ಗೆ ಎಂಟೂವರೆಗೆ ತೆರೆದು ಸಂಜೆ ಐದೂವರೆಗೆ ಮುಚ್ಚುತ್ತದೆ. ಒಂಬತ್ತು ಗಂಟೆ. ನಾವು ಬೇಲಿಗೆ ಆತುಕೊಂಡು ನೋಡುವುದು, ಫೋಟೋ ತೆಗೆಯುವುದು, ಮೆಚ್ಚುವುದು, ಮರುಗುವುದು ಎಲ್ಲ ಆ ಒಂಬತ್ತು ಗಂಟೆಯನ್ನು. ಉಳಿದ ಹದಿನೈದು ಗಂಟೆ ಹುಲಿಯೂ ಸಿಂಹವೂ ಚಿರತೆಯೂ ಹಿಂಬದಿಯ ಕೋಣೆಯಲ್ಲಿರುತ್ತವೆ. ಹುಲ್ಲುಹಾಸು, ಕೊಳ, ಬಂಡೆ, ಮರ ಎಲ್ಲ ಈಚೆ ಉಳಿಯುತ್ತವೆ. ಅಂದರೆ ಪ್ರಾಣಿಯ ಆಯುಸ್ಸಿನ ಅರ್ಧಕ್ಕಿಂತ ಹೆಚ್ಚು ಭಾಗ ಕಳೆಯುವ ಜಾಗವನ್ನು ಟಿಕೆಟ್ ಕೊಂಡ ಯಾರೂ ನೋಡಿಯೇ ಇಲ್ಲ. ಮೃಗಾಲಯದ ಕ್ಷೇಮಪಾಲನೆಯನ್ನು ಅಳೆಯಬೇಕಾದದ್ದು ಆ ಜಾಗದಲ್ಲಿ, ಮತ್ತು ಆ ಜಾಗದ ಬೀಗದ ಕೈ ಹಿಡಿದ ಮನುಷ್ಯನಲ್ಲಿ. ಈ ಒಂದು ಮಾತನ್ನು ಒಪ್ಪಿಸಲು ಮಾತ್ರ ನಾನಿಲ್ಲಿ ನಿಂತಿದ್ದೇನೆ.

ನಮ್ಮ ನೆಲದ ಒಂದು ಹಳೆಯ ಪ್ರಸಂಗ ಹೇಳುತ್ತೇನೆ. 1799ರ ಮೇ ತಿಂಗಳು. ಶ್ರೀರಂಗಪಟ್ಟಣ ಬಿದ್ದಿತ್ತು, ಟಿಪ್ಪು ಸುಲ್ತಾನ್ ಮಡಿದಿದ್ದ. ಅರಮನೆಯ ಬಳಿ ಅವನು ಸಾಕಿದ್ದ ಹುಲಿಗಳಿದ್ದವು. ಪಟ್ಟಣದ ಉಸ್ತುವಾರಿ ಹೊತ್ತ ಕರ್ನಲ್ ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್ಲೂವಿನಲ್ಲಿ ಗೆದ್ದವನು, ಮೇಲಧಿಕಾರಿಗೆ ಆ ಹುಲಿಗಳ ಬಗ್ಗೆ ಬರೆದ. ಅವಕ್ಕೆ ಹಾಕಲು ಆಹಾರವಿಲ್ಲ, ನೋಡಿಕೊಳ್ಳುವವರು ಯಾರೂ ಇಲ್ಲ, ಅವು ಕೆರಳುತ್ತಿವೆ, ನಿಜಾಮನ ಕಡೆಯ ಮೀರ್ ಆಲಂ ಕರೆಸಿಕೊಳ್ಳದಿದ್ದರೆ ಗುಂಡು ಹೊಡೆಸಬೇಕಾಗುತ್ತದೆ ಎಂಬುದು ಆ ಬರಹದ ತಾತ್ಪರ್ಯ. ಕೋಟೆಯ ಗೋಡೆಗಳು ನಿಂತಿದ್ದವು, ಬೋನುಗಳೂ ಇದ್ದವು. ಇಲ್ಲವಾದದ್ದು ಹೊತ್ತಿಗೆ ಸರಿಯಾಗಿ ಬರುತ್ತಿದ್ದ ಒಬ್ಬ ಮನುಷ್ಯ. ಕೆಲವೇ ದಿನಗಳಲ್ಲಿ ರಾಜವೈಭವದ ಹುಲಿಗಳು ಗುಂಡಿನ ಮುಂದೆ ನಿಲ್ಲಬೇಕಾದ ಹುಲಿಗಳಾದವು.

ಆಮೇಲೆ ಸುಮಾರು ಒಂದು ಶತಮಾನದ ಹೊತ್ತಿಗೆ, 1892ರಲ್ಲಿ, ಹತ್ತನೆಯ ಚಾಮರಾಜ ಒಡೆಯರ ಕಾಲದಲ್ಲಿ ಮೈಸೂರಿನ ಮೃಗಾಲಯ ಶುರುವಾಯಿತು. ಅದರ ವಿನ್ಯಾಸದಲ್ಲಿ ಜರ್ಮನಿಯ ತೋಟಗಾರಿಕೆ ತಜ್ಞ ಕ್ರುಂಬಿಗಲ್ ಅವರ ಕೈ ಇತ್ತು. ತೋಟ ಬಲ್ಲವರು ಮಾಡಿದ ಮೃಗಾಲಯವಾದ್ದರಿಂದ ಅಲ್ಲಿ ಇವತ್ತಿಗೂ ನೆರಳಿದೆ. ಇದು ಸಣ್ಣ ವಿಷಯವಲ್ಲ. ಏಪ್ರಿಲ್ ತಿಂಗಳ ಮಧ್ಯಾಹ್ನ ಪ್ರಾಣಿಗೆ ದೊಡ್ಡ ಮರಕ್ಕಿಂತ ಹೆಚ್ಚಿನ ಉಪಕಾರ ಮಾಡಬಲ್ಲ ಯಂತ್ರವನ್ನು ನಾನಂತೂ ಕಂಡಿಲ್ಲ.

ಕಂಬಿಯ ಬೋನು ಹೋಗಿ ಕಂದಕ ಬಂದ ಕಥೆ ನಿಮಗೆ ಗೊತ್ತಿರಬಹುದು. 1907ರಲ್ಲಿ ಹ್ಯಾಂಬರ್ಗಿನ ಕಾರ್ಲ್ ಹಾಗೆನ್‌ಬೆಕ್ ಸಿಂಹಕ್ಕೂ ಜನಕ್ಕೂ ನಡುವೆ ಕಂಬಿ ಇಲ್ಲದ, ಬರೀ ಕಂದಕವಿರುವ ಮೃಗಾಲಯ ತೆರೆದ. ಜಗತ್ತೆಲ್ಲ ಅದನ್ನು ಅನುಸರಿಸಿತು. ಪ್ರಾಣಿಗೆ ಜಾಗ ಹೆಚ್ಚಿತು, ನಿಜ. ಆದರೆ ಆ ಸುಧಾರಣೆ ಮೊದಲು ತಣಿಸಿದ್ದು ನೋಡುವವನ ಕಣ್ಣನ್ನು. ಕಂಬಿ ಕಾಣದಿದ್ದರೆ ನಮ್ಮ ಮನಸ್ಸಿಗೆ ಹಗುರ. ಸಿಂಹಕ್ಕೆ ಕಂದಕವೂ ಗೋಡೆಯೇ. ಪ್ರಾಣಿಯ ಕಡೆಯಿಂದ ನಿಂತು ಈ ಪ್ರಶ್ನೆಯನ್ನು ಕೇಳಿದವನು ಸ್ವಿಟ್ಜರ್‌ಲೆಂಡಿನ ಹೈನಿ ಹೆಡಿಗರ್. ಬರ್ನ್, ಬಾಸೆಲ್, ಝೂರಿಕ್ ಮೂರೂ ಮೃಗಾಲಯಗಳನ್ನು ನಡೆಸಿದ ಆತ 1942ರಲ್ಲಿ ಬಂಧನದ ಕಾಡುಪ್ರಾಣಿಗಳ ಬಗ್ಗೆ ಒಂದು ಪುಸ್ತಕ ಬರೆದ. ಪ್ರತಿ ಪ್ರಾಣಿಗೂ ಒಂದು ಅಂತರವಿದೆ, ಶತ್ರು ಅದಕ್ಕಿಂತ ಹತ್ತಿರ ಬಂದರೆ ಅದು ಓಡಬೇಕು, ಓಡಲು ಆಗದಿದ್ದರೆ ಒಳಗೊಳಗೇ ಬೇಯುತ್ತದೆ ಎಂದು ಆತ ತೋರಿಸಿದ. ಆವರಣ ಎಷ್ಟು ದೊಡ್ಡದು ಎಂಬುದಕ್ಕಿಂತ ಅದರಲ್ಲಿ ಏನಿದೆ, ಬೇಡವೆನಿಸಿದಾಗ ಮರೆಯಾಗಲು ಒಂದು ಮೂಲೆ ಇದೆಯೇ ಎಂಬುದು ಮುಖ್ಯ ಎಂದ.

ನಮ್ಮಲ್ಲಿ ಈಗಲೂ ಕೇಳಿಬರುವ ದೂರು ಇದಕ್ಕೆ ತಿರುಗುಮುರುಗು. ದುಡ್ಡು ಕೊಟ್ಟು ಬಂದೆವು, ಚಿರತೆ ಕಾಣಲೇ ಇಲ್ಲ ಎನ್ನುತ್ತಾರೆ. ಚಿರತೆ ಕಾಣದಿದ್ದರೆ ಆ ಆವರಣ ಚೆನ್ನಾಗಿದೆ ಎಂದು ತಿಳಿಯಿರಿ. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿದ್ದ ಅವಂತಿ ಮಲ್ಲಾಪುರ್, ಅನಿಂದ್ಯ ಸಿನ್ಹಾ ಮತ್ತು ಜೊತೆಗಾರರು ಎಂಟು ಭಾರತೀಯ ಮೃಗಾಲಯಗಳ ಸಿಂಗಳೀಕಗಳನ್ನು ಅಧ್ಯಯನ ಮಾಡಿ 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಜನರಿದ್ದಾಗ ಸಿಂಗಳೀಕಗಳ ಅಸಹಜ ವರ್ತನೆ ಹೆಚ್ಚುತ್ತಿತ್ತು. ಪಶ್ಚಿಮಘಟ್ಟದ ಎತ್ತರದ ಮರಗಳಲ್ಲೇ ಬಾಳುವ, ನೆಲಕ್ಕಿಳಿಯುವುದೇ ಅಪರೂಪವಾದ ಪ್ರಾಣಿಯನ್ನು ಕೆಳಗೆ ಕೂರಿಸಿ ಸುತ್ತ ಕಿರುಚಿದರೆ ಬೇರೇನಾದೀತು? 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 38-ಜೆ ಕಲಮು ಮೃಗಾಲಯದ ಪ್ರಾಣಿಯನ್ನು ಕೆಣಕುವುದು, ಅದಕ್ಕೆ ತಿನಿಸು ಎಸೆಯುವುದು, ಗದ್ದಲ ಮಾಡಿ ಕಾಡುವುದು ಅಪರಾಧ ಎನ್ನುತ್ತದೆ. ಇದು ನಮ್ಮ ಶಾಲಾ ಪ್ರವಾಸದ ಮಕ್ಕಳಿಗೆ ಬಸ್ಸಿನಿಂದ ಇಳಿಯುವ ಮೊದಲೇ ಗೊತ್ತಿರಬೇಕು. ಮಕ್ಕಳಿಗಿಂತ ಮೊದಲು ಅವರ ಅಪ್ಪಂದಿರಿಗೆ.

ಈಗ ಹಿಂಬದಿಯ ಕೋಣೆಗೆ ಬರುತ್ತೇನೆ. ಮೃಗಾಲಯದವರು ಅದನ್ನು ನೈಟ್ ಹೌಸ್, ಫೀಡಿಂಗ್ ಸೆಲ್ ಎನ್ನುತ್ತಾರೆ. ಅದಕ್ಕೆ ಹೊಂದಿಕೊಂಡ ಸಣ್ಣ ಬಯಲಿಗೆ ಕ್ರಾಲ್ ಎನ್ನುತ್ತಾರೆ. ಒಳಗೆ ಸಿಮೆಂಟು ನೆಲ, ಜಾರುವ ಕಬ್ಬಿಣದ ಬಾಗಿಲು, ಮೂಲೆಯಲ್ಲಿ ನೀರಿನ ತೊಟ್ಟಿ, ಗೋಡೆಗೆ ಒಂದು ಕಿಂಡಿ. ಇದನ್ನು ಕಟ್ಟುವ ಇಂಜಿನಿಯರಿಗೆ ಮುಖ್ಯವಾದದ್ದು ಎರಡು: ಪ್ರಾಣಿ ತಪ್ಪಿಸಿಕೊಳ್ಳಬಾರದು, ತೊಳೆಯಲು ಸುಲಭವಾಗಬೇಕು. ಎರಡೂ ಬೇಕು. ಆದರೆ ಪ್ರಾಣಿಗೆ ಬೇಕಾದ ಪಟ್ಟಿ ಬೇರೆ. ನೆಲ ತೊಳೆದ ನೀರು ನಿಲ್ಲದಂತೆ ವಾಟ ಇರಬೇಕು. ಇಲ್ಲದಿದ್ದರೆ ಬೆಳಗಿನ ಹೊತ್ತಿಗೆ ಮೂತ್ರದ ಅಮೋನಿಯ ಕಣ್ಣು ಉರಿಸುತ್ತದೆ. ಆ ಗಾಳಿಯನ್ನೇ ರಾತ್ರಿಯಿಡೀ ಉಸಿರಾಡಿದ ಪ್ರಾಣಿಗೆ ಶ್ವಾಸಕೋಶದ ಕಾಯಿಲೆ ಬಾರದೆ ಇರದು. ಮಲಗಲು ಮರದ ಹಲಗೆಯ ಅಟ್ಟಣೆ ಬೇಕು. ವಯಸ್ಸಾದ ಹುಲಿ, ಸಿಂಹಗಳ ಮೊಣಕೈಯಲ್ಲಿ ಕೂದಲುದುರಿ ಗಡ್ಡೆಗಟ್ಟಿರುವುದನ್ನು ನೋಡಿದರೆ ಅವು ಎಷ್ಟು ವರ್ಷ ಬರೀ ಸಿಮೆಂಟಿನ ಮೇಲೆ ಮಲಗಿವೆ ಎಂದು ಪಶುವೈದ್ಯನಿಗೆ ಗೊತ್ತಾಗುತ್ತದೆ. ಪಕ್ಕದ ಕೋಣೆಯ ಗಂಡು ಹುಲಿ ರಾತ್ರಿಯಿಡೀ ಕಣ್ಣಿಗೆ ಬೀಳುವಂತಿದ್ದರೆ ಮರಿ ಹಾಕಿದ ಹೆಣ್ಣು ನೆಮ್ಮದಿಯಾಗಿ ಹಾಲೂಡಿಸುವುದಿಲ್ಲ. ಗಾಬರಿಯಾದ ತಾಯಿ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಅತ್ತಿಂದಿತ್ತ ತಿರುಗಿ ತಿರುಗಿ ಕೊನೆಗೆ ಕೊಂದೇ ಬಿಡುವುದುಂಟು. ಒಂದು ಕತ್ತಲು ಮೂಲೆ, ಒಂದು ಅಡ್ಡಗೋಡೆ ಇದ್ದಿದ್ದರೆ ಆ ಮರಿ ಬದುಕುತ್ತಿತ್ತು.

ಇಷ್ಟಕ್ಕೆ ಬೇಕಾದದ್ದು ಬಹಳ ಹಣವಲ್ಲ. ಆದರೆ ನೈಟ್ ಹೌಸಿಗೆ ಉದ್ಘಾಟನೆ ಇರುವುದಿಲ್ಲ. ಮುಂದಿನ ಅಂಗಳಕ್ಕೆ ಕೃತಕ ಜಲಪಾತ, ಗಾಜಿನ ಗೋಡೆ, ಸೆಲ್ಫಿಗೆ ಕಟ್ಟೆ ಎಲ್ಲವೂ ಬರುತ್ತವೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆ ಕೆಲವು ಕಡೆ ಅಕ್ಷರಶಃ ಕಾಣುತ್ತದೆ.

ರಾತ್ರಿಯನ್ನು ಸರಿಯಾಗಿ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಸಾಕ್ಷಿ ಇದೆ. ಬನ್ನೇರುಘಟ್ಟದ ಸಾಕಾನೆಗಳನ್ನು ಸಂಜೆಯ ಮೇಲೆ ಕಾಡಿಗೆ ಮೇಯಲು ಬಿಡುತ್ತಾರೆ. ಬೆಳಿಗ್ಗೆ ಮಾವುತರು, ಕಾವಾಡಿಗಳು ಹೆಜ್ಜೆ ಮತ್ತು ಸರಪಳಿ ಎಳೆದ ಗುರುತು ಹಿಡಿದು ಹೋಗಿ ಕರೆತರುತ್ತಾರೆ. ರಾತ್ರಿಯಿಡೀ ಅವು ನಡೆಯುತ್ತವೆ, ಬಿದಿರು ಮುರಿಯುತ್ತವೆ, ಮಣ್ಣೆರಚಿಕೊಳ್ಳುತ್ತವೆ, ಕಾಡಾನೆಗಳನ್ನು ಸೇರುತ್ತವೆ. ಅಲ್ಲಿ ಹುಟ್ಟುವ ಮರಿಗಳ ತಂದೆ ಎಷ್ಟೋ ಸಲ ಕಾಡಿನ ಸಲಗವೇ. ಇದನ್ನು ಯೂರೋಪಿನ ಲೆಕ್ಕದ ಪಕ್ಕದಲ್ಲಿಟ್ಟು ನೋಡಿ. 2008ರಲ್ಲಿ ರಾಸ್ ಕ್ಲಬ್, ಜಾರ್ಜಿಯಾ ಮೇಸನ್ ಮೊದಲಾದವರು ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಯೂರೋಪಿನ ಮೃಗಾಲಯಗಳಲ್ಲಿ ಹುಟ್ಟಿದ ಏಷ್ಯಾದ ಹೆಣ್ಣಾನೆಗಳ ಆಯುಸ್ಸಿನ ಮಧ್ಯಾಂಕ ಸುಮಾರು 19 ವರ್ಷ. ಬರ್ಮಾದ ಕಾಡುಗಳಲ್ಲಿ ಮರ ಎಳೆಯುವ, ರಾತ್ರಿ ಕಾಡಿನಲ್ಲಿ ಮೇಯುವ ಆನೆಗಳದು ಸುಮಾರು 42. ಆಫ್ರಿಕಾ ಆನೆಗಳಲ್ಲಿ ಅಂತರ ಇನ್ನೂ ಹೆಚ್ಚು: ಮೃಗಾಲಯದಲ್ಲಿ ಸುಮಾರು 17, ಕೀನ್ಯಾದ ಅಂಬೋಸೆಲಿಯಲ್ಲಿ, ಮನುಷ್ಯರಿಂದ ಸತ್ತವುಗಳನ್ನು ಬಿಟ್ಟರೆ, 56. ಆಹಾರ, ಔಷಧ, ವೈದ್ಯರು ಎಲ್ಲ ಇದ್ದ ಕಡೆ ಆನೆ ಬೇಗ ಸತ್ತಿತು. ದಿನವಿಡೀ ದುಡಿದರೂ ರಾತ್ರಿ ತನ್ನದಾಗಿದ್ದ ಕಡೆ ಬಾಳಿತು. ಭಾರತದ ಕೇಂದ್ರೀಯ ಮೃಗಾಲಯ ಪ್ರಾಧಿಕಾರ 2009ರ ನವೆಂಬರಿನಲ್ಲಿ ಮೃಗಾಲಯಗಳ ಆನೆಗಳನ್ನು ಅರಣ್ಯ ಶಿಬಿರಗಳಿಗೆ ಕಳಿಸುವಂತೆ ಆದೇಶ ಹೊರಡಿಸಿದಾಗ ಹಲವರಿಗೆ ಬೇಸರವಾಯಿತು. ಮಕ್ಕಳಿಗೆ ಆನೆ ತೋರಿಸುವುದೆಲ್ಲಿ ಎಂದರು. ಆದೇಶ ಸರಿಯಾಗಿತ್ತು. ಅದು ಪೂರ್ತಿ ಜಾರಿಯಾಗದಿರುವುದೇ ದುಃಖ.

ಕಟ್ಟಿಹಾಕಿದ ಆನೆ ತಲೆ ತೂಗುತ್ತಾ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುವುದನ್ನು ನೋಡಿ ನಮ್ಮವರು ಆನೆ ಕುಣೀತಾ ಇದೆ ಎನ್ನುತ್ತಾರೆ. ಬೋನಿನ ಹುಲಿ ಬೇಲಿಯುದ್ದಕ್ಕೂ ಹೋಗಿ ಅದೇ ಜಾಗದಲ್ಲಿ ತಿರುಗಿ ಅದೇ ಹೆಜ್ಜೆಯಲ್ಲಿ ಬಂದರೆ ಗತ್ತು ನೋಡು ಎನ್ನುತ್ತಾರೆ. ಜಿರಾಫೆ ಗಂಟೆಗಟ್ಟಲೆ ಕಂಬಿ ನೆಕ್ಕಿದರೆ ನಗುತ್ತಾರೆ. ಮೂರೂ ಒಂದೇ ಕಾಯಿಲೆ. ಮಾಡಲು ಏನೂ ಇಲ್ಲದ ಮೆದುಳು ದೇಹವನ್ನು ಅದೇ ಅದೇ ಚಲನೆಗೆ ನೂಕುತ್ತದೆ. ಒಮ್ಮೆ ಬೇರೂರಿದರೆ ಪರಿಸರ ಸುಧಾರಿಸಿದರೂ ಅದು ಸುಲಭವಾಗಿ ಬಿಡುವುದಿಲ್ಲ. ಕರಡಿ ಕುಣಿಸುವ ಖಲಂದರರ ಹಗ್ಗದಿಂದ ಬಿಡುಗಡೆಯಾಗಿ ಬನ್ನೇರುಘಟ್ಟದ ಕರಡಿ ಪುನರ್ವಸತಿ ಕೇಂದ್ರಕ್ಕೆ ಬಂದವು ಮೂಗು ತೂತಾಗಿ, ಹಲ್ಲು ಕಿತ್ತುಹಾಕಿಸಿಕೊಂಡ ಕರಡಿಗಳು. ಹುತ್ತ ಕೆದಕಲು ಮಣ್ಣು, ಹತ್ತಲು ಮರ ಸಿಕ್ಕ ಮೇಲೂ ಇಂಥ ಕರಡಿಗಳಲ್ಲಿ ಕೆಲವು ಹಳೆಯ ತಾಳಕ್ಕೆ ತಲೆ ತೂಗುವುದನ್ನು ಪೂರ್ತಿ ಬಿಡುವುದಿಲ್ಲ.

ಊಟದ ವಿಷಯದಲ್ಲಿ ಪಶುವೈದ್ಯ ವಿದ್ಯಾರ್ಥಿಗಳೊಂದಿಗೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. ಪ್ರೀತಿಯಿಂದಲೇ ಪ್ರಾಣಿಯನ್ನು ಹಾಳು ಮಾಡುವುದು ಇಲ್ಲಿ. ತಾಯಿ ಬಿಟ್ಟ ಚಿರತೆ ಮರಿಗೆ ಮೂಳೆ ತೆಗೆದ ಒಳ್ಳೆಯ ಮಾಂಸವನ್ನೇ ಹಾಕುತ್ತೇವೆ ಎಂದು ಹೆಮ್ಮೆಯಿಂದ ಹೇಳುವವರನ್ನು ನೀವು ಕಾಣುತ್ತೀರಿ. ಬರೀ ಮಾಂಸಖಂಡದಲ್ಲಿ ಕ್ಯಾಲ್ಸಿಯಂಗಿಂತ ರಂಜಕ ಹದಿನೈದು, ಇಪ್ಪತ್ತು ಪಟ್ಟು ಹೆಚ್ಚು. ಬೆಳೆಯುವ ಮರಿಗೆ ಬೇಕಾದದ್ದು ರಂಜಕಕ್ಕಿಂತ ತುಸು ಹೆಚ್ಚೇ ಕ್ಯಾಲ್ಸಿಯಂ. ರಕ್ತದ ಕ್ಯಾಲ್ಸಿಯಂ ಕುಸಿಯದಂತೆ ಪ್ಯಾರಾಥೈರಾಯ್ಡ್ ಗ್ರಂಥಿ ಮರಿಯ ಮೂಳೆಯಿಂದಲೇ ಅದನ್ನು ಕರಗಿಸಿ ತೆಗೆಯುತ್ತದೆ. ಕೆಲವೇ ವಾರಗಳಲ್ಲಿ ಕಾಲು ಬಾಗುತ್ತದೆ, ಹಾರಿದರೆ ಮೂಳೆ ಮುರಿಯುತ್ತದೆ, ಬೆನ್ನುಮೂಳೆ ಕುಸಿದು ಹಿಂಗಾಲು ಎಳೆಯುತ್ತದೆ. ಕಾಡಿನಲ್ಲಿ ತಾಯಿ ಹೊಡೆದ ಬೇಟೆಯ ಪಕ್ಕೆಲುಬು, ಈಲಿ, ರಕ್ತ ಎಲ್ಲ ಮರಿಯ ಪಾಲಿಗೆ ಬರುತ್ತಿತ್ತು. ಮೂಳೆ ಸಮೇತ ಕೊಡಿ, ಅದು ಹಲ್ಲನ್ನೂ ತಿಕ್ಕುತ್ತದೆ, ಹೊತ್ತನ್ನೂ ಕಳೆಯುತ್ತದೆ.

ಮುಸುವದ ವಿಷಯ ಬೇರೆ. ಅದರ ಹೊಟ್ಟೆ ಹಸುವಿನ ಹಾಗೆ ಕೋಣೆ ಕೋಣೆಯಾಗಿದ್ದು ಎಲೆಯನ್ನು ಹುದುಗಿಸಿ ಅರಗಿಸುತ್ತದೆ. ಅದಕ್ಕೆ ಬ್ರೆಡ್ಡು, ಬಿಸ್ಕತ್ತು, ರಾಶಿ ಹಣ್ಣು ಹಾಕಿದರೆ ಹೊಟ್ಟೆ ಉಬ್ಬರಿಸುತ್ತದೆ, ಆಮ್ಲ ಏರುತ್ತದೆ. ಬಾಳೆಹಣ್ಣಂತೂ ನಮ್ಮ ಮನಸ್ಸಿನಲ್ಲಿ ಕೋತಿಯ ಜೊತೆ ಅಂಟಿಕೊಂಡುಬಿಟ್ಟಿದೆ. ಇಂಗ್ಲೆಂಡಿನ ಪೇಂಟನ್ ಮೃಗಾಲಯ 2014ರಲ್ಲಿ ಕೋತಿಗಳಿಗೆ ಬಾಳೆಹಣ್ಣು ನಿಲ್ಲಿಸಿ ಸೊಪ್ಪು, ತರಕಾರಿಗೆ ಬದಲಾಯಿತು. ಮನುಷ್ಯ ಬೆಳೆಸಿದ ಹಣ್ಣು ಕಾಡುಹಣ್ಣಿಗಿಂತ ತುಂಬಾ ಸಿಹಿ, ನಾರು ಕಡಿಮೆ, ಹಲ್ಲು ಹುಳುಕಾಗುತ್ತದೆ, ಸಕ್ಕರೆ ಕಾಯಿಲೆ ಹತ್ತುತ್ತದೆ ಎಂಬುದು ಕಾರಣ.

ಏನು ಕೊಡುತ್ತೇವೆ ಎಂಬಷ್ಟೇ ಮುಖ್ಯ ಹೇಗೆ ಕೊಡುತ್ತೇವೆ ಎಂಬುದು. ಕಾಡಿನ ಆನೆ ದಿನದ ಮುಕ್ಕಾಲು ಪಾಲನ್ನು ಮೇಯುವುದರಲ್ಲೇ ಕಳೆಯುತ್ತದೆ. ಅದೇ ಹೊಟ್ಟೆಗಾಗುವಷ್ಟನ್ನು ಎರಡು ಹೊತ್ತು ರಾಶಿ ಸುರಿದರೆ ಹೊಟ್ಟೆ ತುಂಬುತ್ತದೆ, ಹೊತ್ತು ತುಂಬುವುದಿಲ್ಲ. ಸೊಪ್ಪನ್ನು ಎತ್ತರಕ್ಕೆ ಕಟ್ಟಿ, ಮರದ ದಿಮ್ಮಿಯಲ್ಲಿ ತೂತು ಕೊರೆದು ಜೇನು ಹಾಕಿ, ಮಾಂಸವನ್ನು ಮರಕ್ಕೆ ನೇತುಹಾಕಿ, ಬೇಸಿಗೆಯಲ್ಲಿ ಹಣ್ಣನ್ನು ಮಂಜುಗಡ್ಡೆಯಲ್ಲಿ ಹೆಪ್ಪುಗಟ್ಟಿಸಿ ಕೊಟ್ಟರೆ ಪ್ರಾಣಿಗೆ ಕೆಲಸ ಸಿಗುತ್ತದೆ. ಎನ್‌ರಿಚ್‌ಮೆಂಟ್ ಎಂದು ಇದನ್ನು ಕರೆಯುತ್ತಾರೆ. ಇದಕ್ಕೆ ಬೇಕಾದದ್ದು ವಿದೇಶಿ ಆಟಿಕೆಯಲ್ಲ, ಬೆಳಿಗ್ಗೆ ಒಂದು ಗಂಟೆ ಮುಂಚೆ ಬಂದು ಅವಲಕ್ಕಿಯೋ ಕಡಲೆಯೋ ಹುಲ್ಲಿನೊಳಗೆ ಅಡಗಿಸಿಡುವ ತಾಳ್ಮೆ.

ಒಂಟಿತನದ ಬಗ್ಗೆ ಹೆಚ್ಚು ಹೇಳಲಾರೆ, ಹೇಳುವುದು ಕಷ್ಟ. ಮೈಸೂರಿನ ಗೊರಿಲ್ಲಾ ಪೋಲೋವನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. 1995ರಲ್ಲಿ ಡಬ್ಲಿನ್‌ನಿಂದ ಬಂದದ್ದು ಬಹುಕಾಲ ಇಡೀ ದೇಶಕ್ಕೆ ಒಂದೇ ಗೊರಿಲ್ಲಾ ಆಗಿ ಬದುಕಿ 2014ರಲ್ಲಿ ಸತ್ತಿತು. ನೋಡಿಕೊಂಡವರು ಪ್ರೀತಿಯಿಂದ ನೋಡಿಕೊಂಡರು, ಆದರೆ ಗೊರಿಲ್ಲಾಕ್ಕೆ ಗೊರಿಲ್ಲಾ ಬೇಕು. ದೆಹಲಿಯಲ್ಲಿ 1998ರಲ್ಲಿ ಜಿಂಬಾಬ್ವೆ ಉಡುಗೊರೆಯಾಗಿ ಕೊಟ್ಟ ಶಂಕರ್ ಎಂಬ ಆಫ್ರಿಕಾ ಆನೆ ಜೊತೆಗಾತಿ ಸತ್ತ ಮೇಲೆ ಎರಡು ದಶಕದಷ್ಟು ಕಾಲ ಒಂಟಿಯಾಗಿತ್ತು. ಅದರ ಸ್ಥಿತಿಯ ಕಾರಣಕ್ಕೆ 2024ರಲ್ಲಿ ವಿಶ್ವ ಮೃಗಾಲಯಗಳ ಸಂಘ ದೆಹಲಿ ಮೃಗಾಲಯದ ಸದಸ್ಯತ್ವವನ್ನು ಅಮಾನತಿನಲ್ಲಿಟ್ಟಿತು. 2025ರ ಸೆಪ್ಟೆಂಬರಿನಲ್ಲಿ ಶಂಕರ್ ಸತ್ತ. ಜೊತೆಯಿಲ್ಲದ ಪ್ರಾಣಿಯನ್ನು ತಕ್ಕ ಕಾರಣವಿಲ್ಲದೆ ಒಂದು ವರ್ಷಕ್ಕಿಂತ ಹೆಚ್ಚು ಇಟ್ಟುಕೊಳ್ಳಬಾರದು ಎಂದು ನಮ್ಮದೇ ಮೃಗಾಲಯ ಮಾನ್ಯತಾ ನಿಯಮಗಳು ಹೇಳುತ್ತವೆ. ನಿಯಮ ಮೊದಲಿಂದಲೂ ಇತ್ತು. ಮೈಸೂರು 2021ರಲ್ಲಿ ಜರ್ಮನಿಯಿಂದ ಒಂದರ ಬದಲು ಎರಡು ಗೊರಿಲ್ಲಾಗಳನ್ನು, ಥಾಬೊ ಮತ್ತು ಡೆಂಬಾ, ಒಟ್ಟಿಗೆ ತಂದದ್ದು ಆ ಪಾಠ ಕಲಿತದ್ದರ ಗುರುತು.

ಬಿಳಿ ಹುಲಿಯ ಬಗ್ಗೆ ಒಂದೇ ಮಾತು. ಜಗತ್ತಿನ ಮೃಗಾಲಯಗಳ ಬಹುಪಾಲು ಬಿಳಿ ಹುಲಿಗಳ ಮೂಲ 1951ರಲ್ಲಿ ರೇವಾದಲ್ಲಿ ಹಿಡಿದ ಮೋಹನ್ ಎಂಬ ಒಂದೇ ಮರಿ ಮತ್ತು ಅದನ್ನು ಸ್ವಂತ ಮಗಳೊಂದಿಗೆ ಕೂಡಿಸಿ ಪಡೆದ ಸಂತತಿ. ಮೆಳ್ಳೆಗಣ್ಣು, ದುರ್ಬಲ ಮರಿಗಳು ಆ ಒಳಸಂಬಂಧದ ಫಲ. ಜನ ಮುಗಿಬೀಳುತ್ತಾರೆ ಎಂಬುದು ಅವನ್ನು ಇನ್ನೂ ಹುಟ್ಟಿಸಲು ಕಾರಣವಾಗಬಾರದು.

ಕೊನೆಯದಾಗಿ ಬೀಗದ ಕೈ ಹಿಡಿದ ಮನುಷ್ಯ, ಪ್ರಾಣಿಪಾಲಕ. ಕಾಡುಪ್ರಾಣಿ ಕಾಯಿಲೆಯನ್ನು ಬಚ್ಚಿಡುತ್ತದೆ. ಹಿಂಡಿನಲ್ಲಿ ಬಳಲಿದಂತೆ ಕಂಡ ಜಿಂಕೆಯೇ ಮೊದಲು ಬೇಟೆಗೆ ಸಿಗುವುದು, ಆದ್ದರಿಂದ ಬಿದ್ದುಹೋಗುವವರೆಗೂ ಅದು ನಿಂತೇ ಇರುತ್ತದೆ. ವೈದ್ಯ ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಹಿಡಿದು ಪರೀಕ್ಷಿಸೋಣ ಎಂದರೆ ಅಟ್ಟಿಸಿಕೊಂಡ ಗಾಬರಿಗೇ ಸ್ನಾಯು ಕೊಳೆತು ಸಾಯುವ ಸೂಕ್ಷ್ಮ ಪ್ರಾಣಿ ಜಿಂಕೆ, ಕೃಷ್ಣಮೃಗ. ನಿನ್ನೆ ಇಷ್ಟು ತಿಂದದ್ದು ಇವತ್ತು ಅರ್ಧ ಬಿಟ್ಟಿದೆ, ಹಿಕ್ಕೆ ಮೆತ್ತಗಾಗಿದೆ, ಕರೆದರೆ ಕಿವಿ ತಿರುಗಿಸುವುದು ಇವತ್ತು ತಿರುಗಿಸಲಿಲ್ಲ ಎಂಬುದನ್ನು ಹಿಡಿಯಬಲ್ಲವನು ದಿನವೂ ನೋಡುವ ಆ ಒಬ್ಬನೇ. 2025ರ ನವೆಂಬರಿನಲ್ಲಿ ಬೆಳಗಾವಿಯ ಕಿತ್ತೂರು ರಾಣಿ ಚೆನ್ನಮ್ಮ ಮೃಗಾಲಯದಲ್ಲಿ ಕೆಲವೇ ದಿನಗಳಲ್ಲಿ ಸುಮಾರು ಮೂವತ್ತು ಕೃಷ್ಣಮೃಗಗಳು ಗಳಲೆ ರೋಗಕ್ಕೆ ಬಲಿಯಾದವು. ನಮ್ಮ ಹಳ್ಳಿಯ ಎಮ್ಮೆ, ದನಗಳ ಹಳೆಯ ಶತ್ರು ಅದು. 2023ರಲ್ಲಿ ಬನ್ನೇರುಘಟ್ಟದಲ್ಲಿ ಏಳು ಚಿರತೆ ಮರಿಗಳನ್ನು ಕೊಂದದ್ದು ಬೆಕ್ಕುಗಳಿಂದ ಹಬ್ಬುವ ಪ್ಯಾನ್‌ಲ್ಯೂಕೋಪೀನಿಯಾ ವೈರಸ್ಸು. 2021ರ ಮೇ ತಿಂಗಳಲ್ಲಿ ಹೈದರಾಬಾದಿನ ಎಂಟು ಸಿಂಹಗಳಿಗೆ ಕೋವಿಡ್ ತಗುಲಿತು. ಆನೆಗಳಿಗೆ ಮನುಷ್ಯರಿಂದ ಕ್ಷಯ ಹತ್ತುತ್ತದೆ. ಗೋಡೆ ಕಾಡುಪ್ರಾಣಿಯನ್ನು ಒಳಗಿಡುತ್ತದೆ, ರೋಗವನ್ನು ಹೊರಗಿಡುವುದಿಲ್ಲ. ಸುತ್ತಲ ಹಳ್ಳಿಯ ದನಗಳಿಗೆ ಲಸಿಕೆ, ಬೀದಿ ಬೆಕ್ಕಿನ ನಿಯಂತ್ರಣ, ಪ್ರಾಣಿಪಾಲಕನ ಆರೋಗ್ಯ ತಪಾಸಣೆ, ಅವನ ಬೂಟು ಅದ್ದುವ ಔಷಧಿ ನೀರಿನ ತೊಟ್ಟಿ ಎಲ್ಲ ಪ್ರಾಣಿಯ ಆರೈಕೆಯ ಭಾಗವೇ.

ಭಾರತದ ಮೃಗಾಲಯಗಳ ಹುಲಿ, ಚಿರತೆಗಳ ಬಗ್ಗೆ 2017ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಅವುಗಳ ಅಸಹಜ ನಡೆಗೂ ಆವರಣದ ಗುಣಕ್ಕೂ ಮಾತ್ರವಲ್ಲ, ನೋಡಿಕೊಳ್ಳುವವನ ಮನೋಭಾವಕ್ಕೂ ನೇರ ನಂಟನ್ನು ಕಂಡಿತು. ಒಳ್ಳೆಯ ಮನಸ್ಸಿನ ಪಾಲಕನ ಹುಲಿ ಕಡಿಮೆ ಶತಪಥ ಹಾಕುತ್ತದೆ. ಹಳೆಯ ಪಾಲಕರಿಗೆಲ್ಲ ಗೊತ್ತಿದ್ದ ಸಂಗತಿಗೆ ವಿಜ್ಞಾನದ ಮುದ್ರೆ ಬಿತ್ತು. ಹಾಗಿದ್ದೂ ಈ ಕೆಲಸವನ್ನು ನಾವು ದಿನಗೂಲಿಗೆ, ಹೊರಗುತ್ತಿಗೆಗೆ ಬಿಟ್ಟಿದ್ದೇವೆ. ಇವತ್ತು ಹುಲಿಯ ಕಡೆ ಇದ್ದವನು ನಾಳೆ ಟಿಕೆಟ್ ಕೌಂಟರಿಗೆ, ನಾಡಿದ್ದು ಕೆಲಸ ಬಿಟ್ಟು ಗಾರ್ಮೆಂಟ್ಸಿಗೆ. 2017ರ ಅಕ್ಟೋಬರಿನಲ್ಲಿ ಬನ್ನೇರುಘಟ್ಟದಲ್ಲಿ ಬಿಳಿ ಹುಲಿಗಳ ದಾಳಿಗೆ ಒಬ್ಬ ಪ್ರಾಣಿಪಾಲಕ ಬಲಿಯಾದರು. ಅವರು ಆ ಕೆಲಸಕ್ಕೆ ಹೊಸಬರು. ಎರಡು ಬಾಗಿಲು, ಎರಡು ಬೀಗ, ಇಬ್ಬರು ಮನುಷ್ಯರು ಎಂಬ ಹಳೆಯ ಕಟ್ಟಳೆ ಹುಲಿಗೂ ಕ್ಷೇಮ, ಮನುಷ್ಯನಿಗೂ ಕ್ಷೇಮ. ಇಬ್ಬರಿಗೆ ಸಂಬಳ ಕೊಡುವ ಕಡೆ ಮಾತ್ರ ಅದು ನಡೆಯುತ್ತದೆ.

ಆದ್ದರಿಂದ ಕೇಳಿಕೊಳ್ಳುತ್ತೇನೆ. ಮೈಸೂರಿನಲ್ಲಿ 2001ರಿಂದ ಪ್ರಾಣಿ ದತ್ತು ಯೋಜನೆ ಇದೆ, ಉಳಿದ ಕಡೆಗೂ ಹಬ್ಬಿದೆ. ಹುಟ್ಟುಹಬ್ಬಕ್ಕೆ, ತಂದೆ ತಾಯಿಯ ನೆನಪಿಗೆ ಸಾವಿರಾರು ಕನ್ನಡಿಗರು ಹಣ ಕೊಡುತ್ತಾರೆ. ಕೊಡುವಾಗ ನಿಮ್ಮ ಹೆಸರಿನ ಫಲಕ ಎಲ್ಲಿ ಎಂದು ಕೇಳುವ ಬದಲು ಆ ಪ್ರಾಣಿಯ ನೈಟ್ ಹೌಸ್ ಹೇಗಿದೆ, ಅದರ ಪಾಲಕ ಎಷ್ಟು ವರ್ಷದಿಂದ ಅಲ್ಲಿದ್ದಾನೆ ಎಂದು ಕೇಳಿ. ಮೃಗಾಲಯಗಳು ಪ್ರತಿ ವರ್ಷ ಹುಟ್ಟು, ಸಾವು, ಸಾವಿನ ಕಾರಣಗಳನ್ನು ವಾರ್ಷಿಕ ವರದಿಯಲ್ಲಿ ಕೊಡಬೇಕು. ಅದನ್ನು ಓದಿ. ಶಾಸಕರಿರಲಿ, ಕಂಪನಿಯ ಸಿಎಸ್‌ಆರ್ ನಿಧಿ ನೋಡುವವರಿರಲಿ, ಮುಂದಿನ ಜಲಪಾತಕ್ಕೆ ಸಹಿ ಹಾಕುವ ಮೊದಲು ಹಿಂದಿನ ಕೋಣೆಯ ಅಟ್ಟಣೆಗೆ, ಕಿಂಡಿಗೆ, ಚರಂಡಿಗೆ ಸಹಿ ಹಾಕಲಿ. ಸರ್ಕಾರ ಪ್ರಾಣಿಪಾಲಕ ಹುದ್ದೆಗಳನ್ನು ಕಾಯಂ ಮಾಡಲಿ, ತರಬೇತಿಗೆ ತಕ್ಕ ಬಡ್ತಿ ಕೊಡಲಿ. ಪಶುವೈದ್ಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಯಾರಾದರೂ ಮೃಗಾಲಯದ ಕೆಲಸಕ್ಕೆ ಸೇರಿದರೆ ಮೊದಲ ದಿನ ಅಧಿಕಾರಿಯ ಕೋಣೆಗೆ ಹೋಗುವ ಮುಂಚೆ ಬೆಳಿಗ್ಗೆ ಆರಕ್ಕೆ ಪ್ರಾಣಿಪಾಲಕರ ಜೊತೆ ಹಿಂಬದಿಯ ಬಾಗಿಲಿಗೆ ಹೋಗಿ.